ಹೆಣ್ಣು ಕರುವಿನ ನಳಿಕೆ: ವೀರ್ಯ ಬೇರ್ಪಡಿಸುವ ಯಂತ್ರಕ್ಕೆ ಬರೀ ವೇಗ ಇದ್ದರೆ ಸಾಲದು, ಯಾಕೆ?

ಹಸುವಿಗೆ ಹೆಣ್ಣು ಕರುವೇ ಹುಟ್ಟಲಿ ಅಂತ ಹಾಕಿಸುವ ಲಿಂಗ ನಿರ್ಧರಿತ ವೀರ್ಯ ನಳಿಕೆ ಹೈನುಗಾರರಿಗೆ ಹೊಸದೇನಲ್ಲ. ಇದರಲ್ಲಿ 100ಕ್ಕೆ ಸುಮಾರು 90 ಹೆಣ್ಣು ಕರುಗಳೇ ಆಗುತ್ತವೆ. ಆದರೆ ಗಬ್ಬ ಕಟ್ಟುವ ಪ್ರಮಾಣ ಸಾಮಾನ್ಯ ನಳಿಕೆಗಿಂತ ಕಡಿಮೆ. ಇದರ ಮೂಲ ಇರೋದು ಲ್ಯಾಬ್‌ನಲ್ಲಿರುವ ಸೆಲ್ ಸಾರ್ಟರ್ ಎಂಬ ಯಂತ್ರದಲ್ಲಿ.

ಯಂತ್ರ ಮಾಡೋದೇನು?

ಹೆಣ್ಣು ಕರು ಕೊಡುವ ಎಕ್ಸ್ ವೀರ್ಯಾಣುವಿನಲ್ಲಿ ಗಂಡು ಕರು ಕೊಡುವ ವೈ ವೀರ್ಯಾಣುವಿಗಿಂತ ಸುಮಾರು ಶೇ. 4ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಡಿಎನ್‌ಎಗೆ ಅಂಟುವ ಬಣ್ಣ ಬೆರೆಸಿ, ಸಣ್ಣ ನಾಝಲ್ ಮೂಲಕ ಸಾಲಾಗಿ ಹರಿಸಿ ಲೇಸರ್ ಬಿಟ್ಟರೆ ಎಕ್ಸ್ ಸ್ವಲ್ಪ ಜಾಸ್ತಿ ಹೊಳೆಯುತ್ತದೆ. ಆಮೇಲೆ ಧಾರೆ ಹನಿಗಳಾಗಿ ಒಡೆಯುತ್ತದೆ. ಬೇಕಾದ ವೀರ್ಯಾಣು ಇರುವ ಹನಿಗೆ ವಿದ್ಯುತ್ ಕೊಟ್ಟು ಪಕ್ಕಕ್ಕೆ ಎಳೆದುಕೊಳ್ಳಲಾಗುತ್ತದೆ. 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಮ್ಯಾಕ್ ಫುಲ್‌ವೈಲರ್ ಜೀವಕೋಶ ಬೇರ್ಪಡಿಸಲು ಬಳಸಿದ್ದೂ ಇದೇ ಹನಿ ತಂತ್ರ. ಇಂಕ್‌ಜೆಟ್ ಪ್ರಿಂಟರ್‌ನದ್ದೂ ಇದೇ ಜಾತಿಯ ತಂತ್ರ.

ವೇಗ ಹೆಚ್ಚಿದರೆ ಏನಾಗುತ್ತೆ?

ವೇಗ ಬೇಕಂದ್ರೆ ಒತ್ತಡ ಏರಿಸಬೇಕು. ಟೈರ್‌ಗೆ ಗಾಳಿ ಹಾಕುವಾಗ ಹೇಳೋ ಪಿಎಸ್‌ಐ ಲೆಕ್ಕವೇ ಇಲ್ಲೂ ಇದೆ. ಒತ್ತಡ ಜಾಸ್ತಿಯಾದಷ್ಟೂ ವೀರ್ಯಾಣುವಿಗೆ ಪೆಟ್ಟು. ಸಾರ್ಟರ್ ಒತ್ತಡವನ್ನು 50ರಿಂದ 40 ಪಿಎಸ್‌ಐಗೆ ಇಳಿಸಿದಾಗ ವೀರ್ಯದ ಗುಣಮಟ್ಟ ಸುಧಾರಿಸಿದ್ದನ್ನು ಸಂಶೋಧಕರು ಕಂಡಿದ್ದಾರೆ. ಇನ್ನೊಂದು ತೊಂದರೆಯೂ ಇದೆ. ಒಂದೇ ಸಲಕ್ಕೆ ಜಾಸ್ತಿ ಕಣ ನುಗ್ಗಿಸಿದರೆ ಒಂದೇ ಹನಿಯಲ್ಲಿ ಎರಡು ಸಿಕ್ಕಿಕೊಳ್ಳುತ್ತವೆ. ಶುದ್ಧತೆ ಬೇಕಂದ್ರೆ ಅಂಥ ಹನಿ ಚೆಲ್ಲಲೇಬೇಕು.

ಲ್ಯಾಬ್ ನೋಡಬೇಕಾದ್ದೇನು?

ಸೆಕೆಂಡಿಗೆ ಎಷ್ಟು ಸಾವಿರ ಕೋಶ ಅನ್ನೋ ಅಂಕಿಗಿಂತ, ಕೊನೆಗೆ ಎಷ್ಟು ಶುದ್ಧವಾಗಿ, ಎಷ್ಟು ಜೀವಂತವಾಗಿ ಕೈಗೆ ಬಂದವು ಅನ್ನೋದು ಮುಖ್ಯ. ರಕ್ತದ ಸಣ್ಣ ಬಿಳಿ ಕೋಶಗಳಿಗೆ 70 ಮೈಕ್ರಾನ್ ನಾಝಲ್ ಸಾಕಾದರೆ, ದೊಡ್ಡ, ನಾಜೂಕು ಕೋಶಗಳಿಗೆ 100 ಮೈಕ್ರಾನ್ ನಾಝಲ್ ಮತ್ತು ಕಡಿಮೆ ಒತ್ತಡ ಬೇಕು. ವೀರ್ಯಕ್ಕೆ ಹಾಕುವ ಬಣ್ಣ ಹೊಳೆಯಲು ಅತಿನೇರಳೆ ಲೇಸರ್ ಇರಬೇಕು. ಮನುಷ್ಯರ ರಕ್ತದ ಮಾದರಿ ಹಾಯಿಸುವುದಾದರೆ, ಗಾಳಿಗೆ ಹಾರುವ ಸಣ್ಣ ಹನಿಗಳಿಂದ ಸಿಬ್ಬಂದಿ ರಕ್ಷಣೆಗೆ ಸುರಕ್ಷತಾ ಕ್ಯಾಬಿನೆಟ್ ಬೇಕು. ನಡೆಸಲು ತರಬೇತಿ ಪಡೆದವರು, ಕೆಟ್ಟರೆ ಬರುವ ಸರ್ವಿಸ್ ಇಲ್ಲದಿದ್ದರೆ ಎಂಥಾ ಯಂತ್ರವೂ ಮೂಲೆ ಸೇರುತ್ತೆ. ಹಾಗಾಗಿ ಖರೀದಿಗೆ ಮೊದಲು ತಮ್ಮದೇ ಮಾದರಿ ಹಾಕಿ ಓಡಿಸಿ ನೋಡುವುದು ಒಳ್ಳೆಯದು.

ರೈತರಿಗೆ ಇದರಿಂದೇನು?

ಬೇರ್ಪಡಿಸುವಾಗ ತುಂಬಾ ವೀರ್ಯಾಣು ವ್ಯರ್ಥವಾಗುವುದರಿಂದ ಒಂದು ನಳಿಕೆಗೆ ಸಿಗೋದೇ ಕಡಿಮೆ. ಸಾಮಾನ್ಯ ನಳಿಕೆಯಲ್ಲಿ ಸುಮಾರು 2 ಕೋಟಿ ಇದ್ದರೆ, ಇದರಲ್ಲಿ 20ರಿಂದ 40 ಲಕ್ಷ. ಅದಕ್ಕೇ ಬೆದೆಯ ಸಮಯ ತಪ್ಪಬಾರದು. ಆರೋಗ್ಯವಾಗಿರುವ ಕಡಸು, ಸರಿಯಾಗಿ ಬೆದೆಗೆ ಬರುವ ರಾಸುಗಳಿಗೆ ಹಾಕಿಸಿದರೆ ಫಲ ಹೆಚ್ಚು. ಪದೇಪದೇ ತಿರುಗುವ ಹಸುವಿಗೆ ಹಾಕಿಸುವ ಮುಂಚೆ ಪಶು ವೈದ್ಯರನ್ನು ಕೇಳಿ.