ಮರಿ ಕಾಣದ ಚಿತ್ರ

ನಮ್ಮ ಸೀಮೆಯಲ್ಲಿ ಆನೆಯಿಲ್ಲ. ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಭೀಮೆಯ ದಂಡೆ ಹಿಡಿದು ಜೇವರ್ಗಿಗೆ ಹೋದರೂ ಕಣ್ಣಿಗೆ ಬೀಳುವುದು ತೊಗರಿ, ಜೋಳ, ಬಿರುಕು ಬಿಟ್ಟ ಎರೆಯ ಹೊಲ, ಅಲ್ಲಲ್ಲಿ ಒಂಟಿ ಬೇವು, ಇಷ್ಟೇ. 2023ರ ಗಣತಿಯಂತೆ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿವೆ ಎಂದು ಅಂದಾಜು. ಅವುಗಳಲ್ಲಿ ಒಂದಾದರೂ ನಮ್ಮ ಈ ಮೂರು ತಾಲ್ಲೂಕುಗಳ ಪಾಲಿಗೆ ಬಂದಿಲ್ಲ.

ಹಾಗೆಂದು ಆನೆಯ ನೆನಪೇ ಈ ನೆಲಕ್ಕಿಲ್ಲವೆನ್ನಲಾಗದು. ಆಳಂದಕ್ಕೆ ನೆರೆಯಾದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ಆನೆಗಳನ್ನು ಹಿಡಿಯುವ, ಸಾಕುವ, ಅವುಗಳಿಂದ ವಿನೋದಪಡುವ ಬಗೆಗಳನ್ನು ವಿಸ್ತಾರವಾಗಿ ಹೇಳಿದ್ದಾನೆ. 1347ರ ತರುವಾಯ ಕಲಬುರಗಿ ರಾಜಧಾನಿಯಾದಾಗ ಬಹಮನಿ ಸುಲ್ತಾನರ ಸೇನೆಯಲ್ಲಿಯೂ ಆನೆಗಳಿದ್ದುವು. ಈಗ ಉಳಿದಿರುವುದು ಹಳೆಯ ಗುಡಿಗಳ ಕಲ್ಲಾನೆ ಮಾತ್ರ. ಅದರ ಬೆನ್ನೇರಿ ಆಡದ ಮಕ್ಕಳು ನಮ್ಮಲ್ಲಿ ವಿರಳ. ಉಸಿರಾಡುವ ಆನೆಯನ್ನು ಕಂಡ ಮಕ್ಕಳೂ ಅಷ್ಟೇ ವಿರಳ.

2020ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಬಳಿಯ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಸುವರ್ಣ ಎಂಬ ಆನೆ ಹೆಣ್ಣು ಮರಿಯೊಂದನ್ನು ಈಯಿತು. ಇನ್ಫೋಸಿಸ್ ಪ್ರತಿಷ್ಠಾನದ ಸುಧಾ ಮೂರ್ತಿಯವರ ಗೌರವಾರ್ಥವಾಗಿ ಮರಿಗೆ ಸುಧಾ ಎಂದು ಹೆಸರಿಟ್ಟರು. ಅದು ಕೊರೋನಾ ಕಾಲ. ಶಾಲೆಗಳು ಮುಚ್ಚಿದ್ದುವು. ನನ್ನ ಅಕ್ಕನ ಮಗ ಅಫಜಲಪುರದಲ್ಲಿ, ತಂಗಿಯ ಮಗಳು ಜೇವರ್ಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ, ಹೊತ್ತು ಹೋಗದೆ ಹಿರಿಯರನ್ನು ಕಾಡುತ್ತಿದ್ದರು. ನಾನು ಕಾರ್ಯನಿಮಿತ್ತವಾಗಿ ಬೆಂಗಳೂರಿಗೆ ಹೊರಟಿರುವೆನೆಂದು ತಿಳಿದು, ಮರಿಯ ಚಿತ್ರ ತರಬೇಕೆಂದು ಇಬ್ಬರೂ ಆಜ್ಞೆ ಮಾಡಿದರು. ತಂಗಿಯ ಮಗಳಿಗೆ ಆಗ ಆರು ವರ್ಷ. “ಮಾರಿ ಕಾಣಬೇಕು ನೋಡು, ಮಾಮಾ,” ಎಂದು ಅವಳು ಕರಾರು ಹಾಕಿದಳು.

ಸೆಪ್ಟೆಂಬರಿನ ಒಂದು ಮುಂಜಾನೆ ಬಾಯಿಗೆ ಬಟ್ಟೆ, ಕೊರಳಿಗೆ ಕ್ಯಾಮೆರಾ ಕಟ್ಟಿಕೊಂಡು ಬೇಲಿಯ ಈಚೆ ನಿಂತೆ. ಆಚೆ ನಾಲ್ಕೈದು ಹೆಣ್ಣಾನೆಗಳು. ಮರಿ ಇತ್ತೆಂಬುದಕ್ಕೆ ಸಾಕ್ಷಿಯೆಂದರೆ ಅವುಗಳ ಕಾಲುಗಳ ಸಂದಿಯಲ್ಲಿ ಆಗಾಗ ಅಲುಗುತ್ತಿದ್ದ ಒಂದು ಪುಟ್ಟ ಬಾಲ! ನಾನು ಎಡಕ್ಕೆ ಸರಿದರೆ ಒಂದು ಆನೆ ಎಡಕ್ಕೆ ಸರಿಯುವುದು. ಬಲಕ್ಕೆ ಬಂದರೆ ಇನ್ನೊಂದು ಬಲಕ್ಕೆ ಬರುವುದು. ನಮ್ಮ ಬಾಣಂತಿಯರ ಕೋಣೆಯ ಬಾಗಿಲಲ್ಲಿ ಅಜ್ಜಿಯರು ಕೂರುವಂತೆ ಅವು ನಿಂತಿದ್ದುವು. ಈ ಮಾತು ಕೇವಲ ಉಪಮೆಯಲ್ಲ. ಆನೆಯ ಹಿಂಡಿನಲ್ಲಿ ಮರಿಯನ್ನು ಕಾಯುವ ಹೊಣೆ ತಾಯಿಯೊಬ್ಬಳದಲ್ಲ. ಉಳಿದ ಹೆಣ್ಣಾನೆಗಳೂ ಅದರ ಪಾಲುದಾರರು.

ಕಾಯುವುದಕ್ಕೆ ಕಾರಣವೂ ಉಂಟು. ಆನೆ ಗರ್ಭ ಧರಿಸುವುದು ಇಪ್ಪತ್ತೆರಡು ತಿಂಗಳ ಹತ್ತಿರ. ಅಂದರೆ ಈ ಮರಿ 2018ರ ಕೊನೆಯ ಹೊತ್ತಿಗೇ ತಾಯಿಯ ಒಡಲಿಗೆ ಬಂದಿರಬೇಕು. ಆಗ ಕೊರೋನಾ ರೋಗದ ಹೆಸರನ್ನು ಜಗತ್ತು ಕೇಳಿರಲಿಲ್ಲ. ಹುಟ್ಟಿದ ಮರಿ ಸುಮಾರು ನೂರು ಕಿಲೋ ತೂಗುತ್ತದೆ, ಒಂದೆರಡು ತಾಸಿನೊಳಗೇ ಎದ್ದು ನಿಲ್ಲುತ್ತದೆ. ಆದರೆ ಸೊಂಡಿಲನ್ನು ಏನು ಮಾಡಬೇಕೆಂದು ಮಾತ್ರ ಅದಕ್ಕೆ ತಿಳಿಯದು. ಹತ್ತಾರು ಸಾವಿರ ಸ್ನಾಯುಕಟ್ಟುಗಳ ಆ ಅಂಗವನ್ನು ಹತೋಟಿಗೆ ತಂದುಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದನ್ನು ತಾನೇ ತುಳಿಯುವುದೂ ಉಂಟು, ಕೂಸು ಬೆರಳು ಚೀಪುವಂತೆ ಚೀಪುವುದೂ ಉಂಟು. ಹಾಲು ಕುಡಿಯುವಾಗ ಸೊಂಡಿಲನ್ನು ಮೇಲಕ್ಕೆತ್ತಿ, ತಾಯಿಯ ಮುಂಗಾಲುಗಳ ನಡುವಣ ಮೊಲೆಗೆ ಬಾಯನ್ನೇ ಹಚ್ಚುತ್ತದೆ.

ಎರಡು ತಾಸು ಕಳೆಯಿತು. ನನಗೆ ದೊರೆತ ಒಳ್ಳೆಯ ಚಿತ್ರ ಒಂದೇ. ಕಂಬಗಳಂತೆ ಕಾಲುಗಳು, ಅವುಗಳ ನಡುವೆ, ಹುಡುಕಿದರೆ ಕಾಣುವಂತೆ, ಒಂದು ಗಿಡ್ಡ ಕಾಲು. ಆರು ವರ್ಷದವಳ ಕರಾರು ನೆನಪಾಯಿತು. ಆಗ ನಾನು ಮಾಡಬಾರದ ಕೆಲಸವನ್ನು ಮಾಡಿದೆ. ಜೋರಾಗಿ ಎರಡು ಬಾರಿ ಚಪ್ಪಾಳೆ ತಟ್ಟಿದೆ. ಮರಿ ಬೆಚ್ಚಿ, ದಿಕ್ಕು ತಪ್ಪಿ, ಬಯಲಿಗೆ ಓಡಿಬಂದಿತು. ಕಿವಿಯಗಲಿಸಿ ನನ್ನನ್ನೇ ನೋಡಿತು. ನೆತ್ತಿಯ ಮೇಲಿನ ಕೆಂಗೂದಲಿನ ಸಹಿತ ಮುಖವೆಲ್ಲ ಸ್ಪಷ್ಟವಾಗಿ ಚಿತ್ರಕ್ಕೆ ಸಿಕ್ಕಿತು. ಮರುಕ್ಷಣವೇ ಆನೆಗಳು ಘೀಳಿಟ್ಟು ಅದನ್ನು ಸುತ್ತುವರಿದುವು. ಅಲ್ಲಿದ್ದ ಕಾವಾಡಿಯೊಬ್ಬ ನನ್ನ ಕಡೆ ತಿರುಗಿ, “ಅದಕ್ಕೆ ಲೋಕ ಇನ್ನೂ ಹೊಸದು, ಸ್ವಾಮಿ. ಸದ್ದು ಮಾಡಬೇಡಿ,” ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಲಬುರಗಿಯಲ್ಲಿ ಎರಡು ಚಿತ್ರಗಳನ್ನೂ ಒಂದೊಂದು ಪ್ರತಿ ಅಚ್ಚು ಹಾಕಿಸಿದೆ. ದಾರಿಯಲ್ಲಿ ಮೊದಲು ಸಿಕ್ಕುದು ಅಫಜಲಪುರ. ಅಕ್ಕನ ಮಗ ಮುಖದ ಚಿತ್ರವನ್ನು ಕೈಗೆತ್ತಿಕೊಂಡವನು ಮರಳಿ ಕೊಡಲೇ ಇಲ್ಲ. ತಂಗಿಯ ಮಗಳ ಪಾಲಿಗೆ ಉಳಿದುದು ಕಾಲುಗಳ ಚಿತ್ರ. ಅವಳು ಅದನ್ನು ತಿರುವಿ ಮುರುವಿ ನೋಡಿ, “ಮರಿ ಎಲ್ಲದ?” ಎಂದು ಅಳುವುದಕ್ಕೆ ಮೊದಲಿಟ್ಟಳು. ಇನ್ನೊಂದು ಪ್ರತಿ ಮಾಡಿಸಿಕೊಡುವೆನೆಂದು ಮಾತು ಕೊಟ್ಟು ಬಂದೆ.

ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆ ಉಕ್ಕಿತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ಪ್ರವಾಹ ಹೊಕ್ಕಿತು. ಕೊಯ್ಲಿಗೆ ಬರಬೇಕಾಗಿದ್ದ ಬೆಳೆ ಕೊಳೆಯಿತು. ತಂಗಿಯ ಮನೆಯವರೆಲ್ಲ ಕತ್ತಲೆಯಲ್ಲಿ ಎದ್ದು ಎತ್ತರದ ಶಾಲೆಯ ಕಟ್ಟಡಕ್ಕೆ ಹೋದರು. ದಾರಿಯಲ್ಲಿ ಸೊಂಟದ ಮಟ್ಟ ನೀರು. ಮಗುವನ್ನು ತಾಯಿ ಎತ್ತಿಕೊಂಡಿದ್ದಳು. ಎಡಬಲಕ್ಕೆ ಓಣಿಯ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನಡೆದರಂತೆ.

ನೀರಿಳಿದ ಮೇಲೆ ನಾನು ಹೋದೆ. ಗೋಡೆಗಳ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಕಾಲುಗಳ ಚಿತ್ರ ಹೊಳೆಯ ಪಾಲಾಗಿತ್ತು. ಮಾತಿನಂತೆ ತಂದಿದ್ದ ಮುಖದ ಚಿತ್ರವನ್ನು ಹುಡುಗಿಯ ಕೈಗಿತ್ತು, “ನೋಡು, ಮರಿ ಹೆಂಗ ಕಾಣ್ತದ!” ಎಂದೆ. ಅವಳು ಬಹಳ ಹೊತ್ತು ನೋಡಿದಳು. ನಗಲಿಲ್ಲ.

“ಇದರ ಅವ್ವ ಎಲ್ಲಿ ಹೋಗ್ಯಾಳ?” ಎಂದು ಕೇಳಿದಳು.

ನಾನು ಏನನ್ನೂ ಹೇಳಲಾರದೆ ಹೋದೆ. ನಾನು ಹೆಮ್ಮೆಯಿಂದ ತಂದ ಚಿತ್ರದಲ್ಲಿ ಇದ್ದುದು ಆನೆಮರಿಯಲ್ಲ, ಅದರ ದಿಗಿಲು ಎಂಬುದನ್ನು ಆ ಮಗು ಕಂಡಿತ್ತು. ಅವಳು ಚಿತ್ರವನ್ನು ಮರಳಿ ನನ್ನ ಕೈಗಿಟ್ಟು, “ನನಗ ಅದೇ ಕೊಡು, ಮಾಮಾ. ಕಾಲಿಂದು,” ಎಂದಳು.

ಮರುವಾರ ಅದನ್ನೇ ಮತ್ತೆ ಅಚ್ಚು ಹಾಕಿಸಿ ಕಳುಹಿದೆ. ಕೆಸರಿನ ಗೆರೆಗಿಂತ ಒಂದು ಮೊಳ ಮೇಲಕ್ಕೆ ಅದನ್ನು ಅಂಟಿಸಿದ್ದಾರೆ. ಮನೆಗೆ ಬಂದವರು, “ಮರಿ ಎಲ್ಲದ?” ಎಂದು ಕೇಳಿದರೆ ಹುಡುಗಿ ಗೋಡೆಯ ಹತ್ತಿರ ಹೋಗಿ, ಆ ಗಿಡ್ಡ ಕಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾಳೆ.