ಕಡಲ ಹೂವಿನ ಅನಿರೀಕ್ಷಿತ ಬೇಟೆ: ಬೇಲೂರಿನ ಶಿಲ್ಪದಿಂದ ಮನೆಯ ಗಾಜಿನ ತೊಟ್ಟಿಯವರೆಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬೇಟೆಯ ಸರಪಳಿಯೊಂದನ್ನು ತೋರಿಸುವ ಒಂದು ರಚನೆಯಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹವೂ ಸಿಂಹದ ಮೇಲೆ ಶರಭವೂ ಶರಭದ ಮೇಲೆ ಗಂಡಭೇರುಂಡವೂ ಎರಗಿವೆ. 1117ರಲ್ಲಿ ಪ್ರತಿಷ್ಠೆಗೊಂಡ ಈ ದೇವಾಲಯದ ಶಿಲ್ಪಿ ಬೇಟೆಯನ್ನು ಬಲದ ಏಣಿಯೆಂದು ಕಂಡಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಸಾಲುಗಳಿಗಿಂತ ಮೇಲೆ ಮಕರಗಳ ಸಾಲು ಬರುತ್ತದೆ. ಕಡಲಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿರುವ ಈ ನಾಡಿನಲ್ಲಿ ನೀರಿನ ಬೇಟೆಗಾರನು ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲಗಳನ್ನು ಕೂಡಿಸಿಕೊಂಡು ರೂಪ ತಳೆದಿದ್ದಾನೆ. ಎರಡೂ ಕಡೆ ಬೇಟೆಗಾರನಿಗೆ ಕಣ್ಣುಂಟು, ಹಲ್ಲುಂಟು, ಗುರಿಯುಂಟು.

ನಿಜವಾದ ಕಡಲಿನಲ್ಲಿ ಇವು ಯಾವುವೂ ಇಲ್ಲದ ಬೇಟೆಗಾರನೊಂದಿದೆ. ಸೀ ಅನಿಮೋನ್ ಎಂದು ಕರೆಯಲಾಗುವ ಕಡಲ ಹೂವೇ ಅದು. ಕೃತಕ ಸಮುದ್ರದ ಉಪ್ಪು ದೊರೆಯುವ ಇಂದಿನ ದಿನಗಳಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಪ್ರಮಾಣದಲ್ಲಿ ಅದನ್ನು ಕರಗಿಸಿ, ಅರಸೀಕೆರೆಯಂತಹ ಒಳನಾಡಿನ ಊರಿನಲ್ಲಿಯೂ ಗಾಜಿನ ತೊಟ್ಟಿಯೊಂದರಲ್ಲಿ ಕಡಲ ಜೀವಿಗಳನ್ನು ಸಾಕಲು ಸಾಧ್ಯವಿದೆ. ಇಂತಹ ತೊಟ್ಟಿಯಲ್ಲಿ ಕಡಲ ಹೂ ಸಾಕಿದವರು ಎಣಿಸದ ಜೀವಿಗಳನ್ನು ಏಕೆ ಬಲಿ ತೆಗೆದುಕೊಳ್ಳುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಡಲ ಹೂ ಸಸ್ಯವಲ್ಲ. ಹವಳ ಮತ್ತು ಲೋಳೆಮೀನುಗಳಂತೆ ಕುಟುಕುಕಣವಂತಗಳ ವಂಶಕ್ಕೆ ಸೇರಿದ ಪ್ರಾಣಿ. ಅದರ ದೇಹ ಒಂದು ಚೀಲದಂತಿದ್ದು, ಕೆಳಗಿನ ಪಾದದಿಂದ ಬಂಡೆಗೆ ಅಂಟಿಕೊಂಡಿರುತ್ತದೆ. ಮೇಲ್ಭಾಗದಲ್ಲಿ ಬಾಯಿ, ಅದರ ಸುತ್ತ ಕರಬಳ್ಳಿಗಳು. ಮಿದುಳಿಲ್ಲ, ನರಗಳ ಬಲೆ ಮಾತ್ರವಿದೆ. ಕರಬಳ್ಳಿಗಳಲ್ಲಿ ಅಸಂಖ್ಯ ಕುಟುಕು ಕಣಗಳಿದ್ದು, ಪ್ರತಿಯೊಂದರೊಳಗೂ ಸುರುಳಿ ಸುತ್ತಿದ ಟೊಳ್ಳು ನೂಲು ಅಡಗಿರುತ್ತದೆ. ಬೇರೊಂದು ಜೀವಿಯ ಸ್ಪರ್ಶವೂ ಅದರ ಮೈಮೇಲಿನ ರಾಸಾಯನಿಕ ಸುಳಿವೂ ಒಟ್ಟಿಗೆ ದೊರೆತಾಗ ಕಣ ಸಿಡಿದು, ನೂಲು ಹೊರಚಿಮ್ಮಿ ವಿಷವನ್ನು ಚುಚ್ಚುತ್ತದೆ. ಅನಂತರ ಕರಬಳ್ಳಿಗಳು ಬೇಟೆಯನ್ನು ಬಾಯಿಯತ್ತ ಬಾಗಿಸುತ್ತವೆ. ಇಲ್ಲಿ ಹುಡುಕಾಟವಿಲ್ಲ, ಆಯ್ಕೆಯೂ ಬಹುಮಟ್ಟಿಗೆ ಇಲ್ಲ. ತಾಗಿದ್ದು, ಬಾಯಿಗೆ ಹಿಡಿಸುವಂತಿದ್ದರೆ, ಆಹಾರವಾಗುತ್ತದೆ.

ಈ ಕಾರಣದಿಂದಲೇ ಕಡಲಿನಲ್ಲಿಯೂ ಇದರ ಆಹಾರಪಟ್ಟಿ ಅಚ್ಚರಿ ಹುಟ್ಟಿಸುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯ ಮೆಟ್ರಿಡಿಯಂ ಎಂಬ ದೊಡ್ಡ ಕಡಲ ಹೂವಿನ ಜಠರದಲ್ಲಿದ್ದ ಆಹಾರದ ಡಿಎನ್ಎಯನ್ನು ಪರೀಕ್ಷಿಸಿದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ಏಡಿಗಳ ಮರಿಗಳೇ ಮೊದಲಾದವುಗಳ ಜೊತೆಗೆ ನೆಲದ ಇರುವೆಗಳೂ ಕಂಡುಬಂದವು. ಕೂಡುವ ಕಾಲದಲ್ಲಿ ಹಾರಿದ ರೆಕ್ಕೆಯಿರುವೆಗಳು ನೀರಿಗೆ ಬಿದ್ದು ಅಲ್ಲಿಗೆ ತಲುಪಿರಬೇಕೆಂಬುದು ಅವರ ವಿವರಣೆ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತಿ ಕೆರೆಯ ನೀರಿಗೂ ಬೀಳುವ ಈಸಲು ಹುಳುಗಳನ್ನು ಕಂಡವರಿಗೆ ಇದು ಅಪರಿಚಿತ ದೃಶ್ಯವಲ್ಲ. ಒರೆಗಾನ್ ಕರಾವಳಿಯಲ್ಲಿ ಕಡಲಹಕ್ಕಿಯ ಮರಿಯೊಂದು ಹಸಿರು ಕಡಲ ಹೂವಿನ ಬಾಯಿಯಲ್ಲಿದ್ದುದು ಸಹ ದಾಖಲಾಗಿದೆ. ಇಂತಹವು ಕಡಲಿನಲ್ಲಿ ಆಕಸ್ಮಿಕಗಳು. ಗಾಜಿನ ತೊಟ್ಟಿಯಲ್ಲಾದರೋ ಆಕಸ್ಮಿಕವೇ ನಿಯಮವಾಗುವ ಸಂಭವವಿದೆ.

ಇದಕ್ಕೆ ಕಾರಣಗಳು ಸ್ಪಷ್ಟ. ಕಡಲಿನಲ್ಲಿ ಮೀನು ಕರಬಳ್ಳಿಗಳಿಂದ ದೂರ ಸರಿಯಬಲ್ಲದು. ಮೂರು ಅಡಿಯ ತೊಟ್ಟಿಯಲ್ಲಿ ದೂರವೆಂಬುದೇ ಇಲ್ಲ. ರಾತ್ರಿ ದೀಪ ಆರಿದಾಗ ಬೆದರಿದ ಮೀನು ಎತ್ತ ಹಾರಿದರೂ ಗಾಜು ಅಥವಾ ಕರಬಳ್ಳಿ ಎದುರಾಗುತ್ತದೆ. ಬಳಲಿದ ಮೀನನ್ನು ಪಂಪಿನ ಸೆಳೆತ ಅತ್ತಲೇ ಒಯ್ಯಬಹುದು. ಇದಲ್ಲದೆ ಕಡಲ ಹೂ ನೆಟ್ಟಲ್ಲಿ ನಿಲ್ಲುವುದೆಂಬ ಭಾವನೆಯೂ ತಪ್ಪು. ಬೆಳಕು, ನೀರಿನ ಹರಿವು ಒಗ್ಗದಿದ್ದರೆ ಅದು ಪಾದದ ಮೇಲೆ ನಿಧಾನವಾಗಿ ಜರುಗಿ ಬೇರೆಡೆ ನೆಲೆಸುತ್ತದೆ. ನಿನ್ನೆ ಸುರಕ್ಷಿತವಾಗಿದ್ದ ಮೂಲೆ ಇಂದು ಹಾಗಿರುವುದಿಲ್ಲ. ಕ್ಲೌನ್ ಮೀನು ತನ್ನ ಲೋಳೆಯ ರಕ್ಷಣೆಯಿಂದ ಕೆಲವು ಜಾತಿಯ ಕಡಲ ಹೂಗಳ ನಡುವೆ ನಿರ್ಭಯವಾಗಿ ವಾಸಿಸುವುದನ್ನು ಕಂಡು ಇತರ ಮೀನುಗಳಿಗೂ ಆ ರಕ್ಷಣೆಯಿದೆಯೆಂದು ಭಾವಿಸುವಂತಿಲ್ಲ. ಮೀನು ಕಾಣೆಯಾದಾಗ ಸಂದೇಹ ಸಾಮಾನ್ಯವಾಗಿ ಚುರುಕಾದ ದೊಡ್ಡ ಮೀನಿನ ಮೇಲೆ ಹೋಗುತ್ತದೆ. ಕಡಲ ಹೂವಿಗೆ ಇರುವುದು ಒಂದೇ ದ್ವಾರ. ಜೀರ್ಣವಾಗದೆ ಉಳಿದ ಮೂಳೆ, ಹುರುಪೆಗಳು ಲೋಳೆ ಸುತ್ತಿದ ಉಂಡೆಯಾಗಿ ಬಾಯಿಂದಲೇ ಹೊರಬಂದಾಗ ಮಾತ್ರ ನಿಜಾಂಶ ತಿಳಿಯುತ್ತದೆ.

ಉಪ್ಪುನೀರಿನ ತೊಟ್ಟಿ ಇಲ್ಲದವರೂ ಈ ಸಂಗತಿಯನ್ನು ಸಣ್ಣ ಪ್ರಮಾಣದಲ್ಲಿ ಕಾಣಬಹುದು. ಹಳೇಬೀಡಿನ ದೋರಸಮುದ್ರ, ಬೇಲೂರಿನ ವಿಷ್ಣುಸಮುದ್ರ ಎಂಬ ಹೆಸರುಗಳು ನಮ್ಮ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದುದನ್ನು ನೆನಪಿಸುತ್ತವೆ. ಕಡಲ ಹೂವಿಗೂ ಸಿಹಿನೀರಿನಲ್ಲೊಬ್ಬ ಬಂಧುವಿದೆ: ಕೆರೆಕೊಳಗಳ ಜಲಸಸ್ಯಗಳಿಗೆ ಅಂಟಿ ಬಾಳುವ, ಕೆಲವೇ ಮಿಲಿಮೀಟರ್ ಉದ್ದದ ಹೈಡ್ರಾ. ಇದರ ಕುಟುಕು ಕಣ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಸಿಡಿಯುವುದನ್ನು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜಲಸಸ್ಯದೊಡನೆ ಮನೆಯ ತೊಟ್ಟಿಗೆ ಬಂದ ಹೈಡ್ರಾ, ಆಗತಾನೆ ಮೊಟ್ಟೆಯೊಡೆದ ಮೀನುಮರಿಗಳನ್ನು ಹಿಡಿಯಬಲ್ಲದು. ಹಿಸುಕಿ, ತುಂಡರಿಸಿ ಅದನ್ನು ತೊಲಗಿಸುವ ಯತ್ನ ಫಲಿಸದು. ತುಂಡುಗಳು ಮತ್ತೆ ಪೂರ್ಣ ಜೀವಿಗಳಾಗುವುದನ್ನು ಟ್ರೆಂಬ್ಲೆ ಎಂಬ ವಿದ್ವಾಂಸನು 1744ರ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದಾನೆ. ಕೆರೆಯಲ್ಲಿ ಮೀನುಮರಿಗಳು ವಿಶಾಲವಾಗಿ ಚದುರುವುದರಿಂದ ಇದರ ಬೇಟೆ ಗಣನೆಗೆ ಬರುವುದಿಲ್ಲ. ತೊಟ್ಟಿಯಲ್ಲಿ ಒಂದು ಸಂತಾನವೇ ಅಳಿಯಬಹುದು.

ಹೀಗೆ ನೋಡಿದಾಗ, ಅನಿರೀಕ್ಷಿತ ಬೇಟೆಗೆ ಕಾರಣ ಬೇಟೆಗಾರನ ಕ್ರೌರ್ಯವಲ್ಲ, ಆವರಣದ ಇಕ್ಕಟ್ಟು. ಆ ಆವರಣವನ್ನು ರಚಿಸಿದವನು ಮನುಷ್ಯ. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬ ನಿಸರ್ಗಶಾಸ್ತ್ರಜ್ಞನು 1828ರಲ್ಲಿ ಕಡಲ ತೀರದಿಂದ ತಂದ ಕಡಲ ಹೂವೊಂದು, ಅವನ ಕಾಲಾನಂತರವೂ ಇತರರ ಪೋಷಣೆಯಲ್ಲಿ 1887ರವರೆಗೆ ಗಾಜಿನ ಪಾತ್ರೆಯಲ್ಲಿ ಬದುಕಿತ್ತು. ಅದಕ್ಕೆ ದೊರೆತದ್ದು ಕಾಲಕಾಲಕ್ಕೆ ಬದಲಿಸಿದ ಕಡಲನೀರು ಮತ್ತು ಚಿಪ್ಪುಜೀವಿಯ ಮಾಂಸದ ತುಣುಕು. ಸಾಕುವವನ ಅರಿವಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಬೇಲೂರಿನ ಶಿಲ್ಪದಲ್ಲಿ ಬಲಿಷ್ಠನಿಗೆ ಮತ್ತೊಬ್ಬ ಬಲಿಷ್ಠನು ಎದುರಾಗುತ್ತಾನೆ. ಕಡಲ ಹೂವಿನ ಲೋಕದಲ್ಲಿ ಆ ಏಣಿಯಿಲ್ಲ. ಇರುವುದು ಸಾಮೀಪ್ಯ ಮಾತ್ರ. ಯಾವ ಜೀವಿಯನ್ನು ಯಾವುದರ ಸಮೀಪ ಇರಿಸಬೇಕೆಂಬ ನಿರ್ಧಾರವು ಮನೆಯ ತೊಟ್ಟಿಯಲ್ಲಿ ನಮ್ಮದೇ ಆಗಿರುವುದರಿಂದ, ಅಲ್ಲಿ ಸಂಭವಿಸುವ ಸಾವಿನ ಹೊಣೆಯೂ ನಮ್ಮದೇ ಆಗಿದೆ.