ಸುಮ್ಮನೆ ಕೂತ ಒಂಟೆ

ಚೆಸ್‌ನಲ್ಲಿ ನಮ್ಮ ಮಳಗಿ ಹುಡುಗರಿಗೆ ಒಂದು ದಾಳಿ ಭಾಳ ಇಷ್ಟ. ಬಿಳಿ ಕಾಲಾಳು ಇ4, ಕುದುರೆ ಎಫ್3, ಒಂಟೆ ಸಿ4. ಕಪ್ಪಿನವರು ಕಾಲಾಳನ್ನು ಇ5ಕ್ಕೆ, ಕುದುರೆಗಳನ್ನು ಸಿ6, ಎಫ್6ಕ್ಕೆ ತಂದರೆ ನಾಲ್ಕನೇ ನಡೆಗೆ ನಮ್ಮ ಕುದುರೆ ಜಿ5ಕ್ಕೆ ಹಾರುತ್ತದೆ. ಎಫ್7 ಮನೆಯ ಮೇಲೆ ಕುದುರೆ, ಒಂಟೆ ಎರಡರ ಕಣ್ಣು. ಕಾಯಲು ಅವರ ರಾಜ ಒಬ್ಬನೇ.

ಮುಂಡಗೋಡದ ತಾಲೂಕು ಮಟ್ಟದ ಆಟದಲ್ಲಿ ನಾನೂ ಹೀಗೇ ಹಾರಿಸಿದೆ. ಎದುರಿನ ಹುಡುಗಿ ಎಫ್7 ಕಾಯಲೇ ಇಲ್ಲ! ಒಂಟೆಯನ್ನು ಸಿ5ಕ್ಕೆ ಇಟ್ಟು ಸುಮ್ಮನೆ ಕೂತಳು. ಮರೆತಾಳೆ ಅಂದುಕೊಂಡು ಕುದುರೆಯಿಂದ ಎಫ್7 ಹೊಡೆದೆ. ಮಂತ್ರಿ, ಆನೆ ಎರಡಕ್ಕೂ ಗುರಿ ಇಟ್ಟ ಖುಷಿ ನನಗೆ. ಅವಳ ಒಂಟೆ ಎಫ್2 ಹೊಡೆದು ಚೆಕ್! ರಾಜನಿಂದ ಒಂಟೆ ತಿಂದೆ. ಅವಳ ಕುದುರೆ ಇ4 ಕಾಲಾಳು ತಿಂದು ಮತ್ತೆ ಚೆಕ್. ರಾಜ ಜಿ1ಕ್ಕೆ ಓಡಿದ. ಅವಳ ಮಂತ್ರಿ ಎಚ್4ಕ್ಕೆ ಬಂತು, ಎಫ್2ರಲ್ಲಿ ಚೆಕ್‌ಮೇಟ್ ಮಾಡಲು. ನನ್ನ ಮಂತ್ರಿ, ಆನೆಗಳು ಇನ್ನೂ ಮನೆ ಬಿಟ್ಟೇ ಇರಲಿಲ್ಲ. ಸೋತೆ.

ಯುರೋಪಿನ ಬೊಹೀಮಿಯಾದ ಕಾರೆಲ್ ಟ್ರಾಕ್ಸ್ಲರ್ 1890ರಲ್ಲೇ ಹೀಗೆ ಆಡಿ ಗೆದ್ದಿದ್ದರಂತೆ. ಈ ನಡೆಗೆ ಅವರದೇ ಹೆಸರು.

ಇದಕ್ಕೆ ಮದ್ದು ಏನು? ಕುದುರೆ ಬೇಡ, ಒಂಟೆಯಿಂದ ಎಫ್7 ಹೊಡೆಯಿರಿ. ಅದು ಚೆಕ್. ಕುದುರೆ ಕಾಯುತ್ತಿರುವುದರಿಂದ ರಾಜ ಅದನ್ನು ತಿನ್ನುವಂತಿಲ್ಲ, ಜಾಗ ಬಿಡಲೇಬೇಕು. ಅಲ್ಲಿಗೆ ಅವರ ಕ್ಯಾಸ್ಲಿಂಗ್ ಹೋಯಿತು. ರಾಜ ಇ7ಕ್ಕೆ ಬಂದರೆ ಒಂಟೆಯನ್ನು ಬಿ3ಕ್ಕೆ ಹಿಂದೆ ತನ್ನಿ. ಸಿಕ್ಕಿದ್ದು ಒಂದೇ ಕಾಲಾಳು, ಆದರೆ ನನಗಂತೂ ಆ ಆನೆಯ ಆಸೆಗಿಂತ ಇದೇ ವಾಸಿ.

ಕಪ್ಪಿನವರು ಸಿ5 ಬಿಟ್ಟು ಡಿ5ಕ್ಕೆ ಕಾಲಾಳು ತಂದರೆ ಕಾಲಾಳಿನಿಂದಲೇ ಹೊಡೆಯಿರಿ. ಅವರ ಕುದುರೆ ಎ5ಕ್ಕೆ ಬಂದು ಒಂಟೆಯನ್ನು ಹೆದರಿಸಿದರೆ ಬಿ5ರಿಂದ ಚೆಕ್ ಕೊಡಿ.

ಊಟದ ಬಿಡುವಿನಲ್ಲಿ ಹಲಗೆ ತರುತ್ತೇನೆ. ಕಪ್ಪು ನನ್ನದು, ಬರ್ರಿ.